ನಗದು ಮೊಬೈಲಿಗೆ, ಸಾಲ ಪಕ್ಕದಂಗಡಿಗೆ

ಮಂಗಳೂರಿನ ಹಳೆ ಬಂದರಿನ ಸಗಟು ಪೇಟೆಯನ್ನು ನೋಡದ ದಿನಸಿ ವ್ಯಾಪಾರಿ ಒಂದು ಕಾಲದಲ್ಲಿ ದಕ್ಷಿಣ ಕನ್ನಡದಲ್ಲಿ ವಿರಳವಾಗಿದ್ದ. ಇಕ್ಕಟ್ಟಿನ ಬೀದಿಗಳು, ಬೀದಿಯ ಎರಡೂ ಬದಿಗೆ ಗೋದಾಮುಗಳು, ಅಕ್ಕಿ, ಬೇಳೆ, ಸಕ್ಕರೆ, ಒಣಮೆಣಸಿನ ಮೂಟೆಗಳನ್ನು ಹೊತ್ತು ಸಾಗುವ ಹಮಾಲಿಗಳು, ಸ್ವಲ್ಪ ದೂರದಲ್ಲಿ ಲಕ್ಷದ್ವೀಪಕ್ಕೆ ಸಾಮಾನು ತುಂಬಿಕೊಳ್ಳುವ ಮಂಜಿಗಳು. ನಮಾಝಿನ ಕರೆ ಕೇಳಿದಾಗ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಝೀನತ್ ಬಕ್ಷ್ ಜುಮಾ ಮಸೀದಿಯತ್ತ ಹೆಜ್ಜೆ ಹಾಕುವ ವ್ಯಾಪಾರಿಗಳು. ನಮ್ಮ ಸಮುದಾಯದ ಎಷ್ಟೋ ಕುಟುಂಬಗಳ ಅನ್ನ ಈ ಬೀದಿಗಳಿಂದ ಬಂದಿದೆ.

1970ರ ದಶಕದಲ್ಲಿ ಪಣಂಬೂರಿನಲ್ಲಿ ನವ ಮಂಗಳೂರು ಬಂದರು ಆರಂಭವಾದಾಗ ದೊಡ್ಡ ಹಡಗುಗಳು ಅತ್ತ ಹೋದವು. ಹಡಗು ಹೋದರೂ ಪೇಟೆ ಹೋಗಲಿಲ್ಲ. ಅದಕ್ಕೆ ಕಾರಣವಿತ್ತು. ಪೇಟೆಯು ಸಮುದ್ರದ ನೀರಿಗಿಂತ ಹೆಚ್ಚಾಗಿ ಒಂದು ಪುಸ್ತಕವನ್ನು ನಂಬಿ ನಿಂತಿತ್ತು. ಅದು ಉದ್ದರಿಯ ಲೆಕ್ಕ ಪುಸ್ತಕ. ಇಂದು ಮೊಬೈಲಿನ ವ್ಯಾಪಾರವು ಅಲುಗಾಡಿಸುತ್ತಿರುವುದು ಮುಖ್ಯವಾಗಿ ಆ ಪುಸ್ತಕವನ್ನು. ಅದು ಮುಚ್ಚಿಹೋದರೆ ನಷ್ಟ ಯಾರಿಗೆ, ಅದರಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ನಾವು ಆಲೋಚಿಸಬೇಕಾಗಿದೆ.

ಸಗಟು ವ್ಯಾಪಾರಿಯೆಂದರೆ ಉತ್ಪಾದಕ ಮತ್ತು ಗ್ರಾಹಕರ ನಡುವೆ ಕುಳಿತು ಲಾಭ ಎಣಿಸುವವನು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಆತ ಮಾಡುವ ಕೆಲಸಗಳು ಹಲವು. ಲಾರಿಗಟ್ಟಲೆ ಬಂದ ಸರಕನ್ನು ಹಳ್ಳಿಯ ಅಂಗಡಿಗೆ ಬೇಕಾದಷ್ಟು ಪ್ರಮಾಣಕ್ಕೆ ಒಡೆದು ಕೊಡುತ್ತಾನೆ. ಮಳೆಗಾಲಕ್ಕೆ, ಹಬ್ಬಕ್ಕೆ ದಾಸ್ತಾನು ಇರಿಸುತ್ತಾನೆ. ಬೆಲೆ ಕುಸಿದರೆ ಗೋದಾಮಿನಲ್ಲಿರುವ ಮಾಲಿನ ನಷ್ಟವನ್ನು ತಾನೇ ಹೊರುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ ಕೈಯಲ್ಲಿ ಹಣವಿಲ್ಲದ ಚಿಲ್ಲರೆ ವ್ಯಾಪಾರಿಗೆ ಮುಖ ನೋಡಿ ಮಾಲು ಕೊಡುತ್ತಾನೆ. ಚಿಲ್ಲರೆ ವ್ಯಾಪಾರಿ ಅದೇ ನಂಬಿಕೆಯಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ, ಕೂಲಿ ಕಾರ್ಮಿಕನಿಗೆ, ಗಲ್ಫ್‌ನಿಂದ ಹಣ ಬರುವುದನ್ನು ಕಾಯುತ್ತಿರುವ ಮನೆಗೆ ಉದ್ದರಿ ಕೊಡುತ್ತಾನೆ. ಹೀಗೆ ಬಂದರಿನ ಗೋದಾಮಿನಿಂದ ಹಳ್ಳಿಯ ಅಡುಗೆಮನೆಯವರೆಗೆ ಒಂದು ಸರಪಳಿ ಇದೆ.

ಈ ಸರಪಳಿಗೆ ಪೈಪೋಟಿ ಒಂದೇ ದಿನದಲ್ಲಿ ಬಂದುದಲ್ಲ. 2003ರಲ್ಲಿ ಜರ್ಮನಿಯ ಮೆಟ್ರೋ ಕಂಪೆನಿಯು ಬೆಂಗಳೂರಿನಲ್ಲಿ ತನ್ನ ಸಗಟು ಮಳಿಗೆಯನ್ನು ತೆರೆಯಿತು. ವಿದೇಶಿ ಬಂಡವಾಳಕ್ಕೆ ಚಿಲ್ಲರೆ ವ್ಯಾಪಾರದ ಬಾಗಿಲು ಮುಚ್ಚಿದ್ದಾಗಲೂ ಸಗಟು ವ್ಯಾಪಾರದ ಬಾಗಿಲು ತೆರೆದಿತ್ತು ಎಂಬುದನ್ನು ನಾವು ಗಮನಿಸಿರಲಿಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿತು. 2013ರಲ್ಲಿ ಅಮೆಝಾನ್ ಭಾರತದಲ್ಲಿ ತನ್ನ ಮಾರಾಟ ವೇದಿಕೆ ತೆರೆಯಿತು. 2016ರಲ್ಲಿ, ಅಂಗಡಿಯವರಿಗೇ ಮೊಬೈಲಿನ ಮೂಲಕ ಸಗಟು ಮಾಲು ಮಾರುವ ಉಡಾನ್ ಬೆಂಗಳೂರಿನಲ್ಲೇ ಆರಂಭವಾಯಿತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟ್‌ನ ಶೇ. 77ರಷ್ಟು ಪಾಲನ್ನು ಕೊಂಡಿತು. ಸಗಟು ವ್ಯಾಪಾರಕ್ಕೆಂದು ಬಂದ ಮೆಟ್ರೋ 2023ರಲ್ಲಿ ತನ್ನ ಭಾರತದ ವ್ಯವಹಾರವನ್ನು 2,850 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಒಪ್ಪಿಸಿ ಹೊರಟುಹೋಯಿತು. ಮೊದಲು ಪುಸ್ತಕ, ಮೊಬೈಲು, ಬಟ್ಟೆ. ಈಗ ಅಕ್ಕಿ, ಬೇಳೆ, ಸಾಬೂನು. ದೊಡ್ಡ ನಗರಗಳಲ್ಲಿ ಹತ್ತಿಪ್ಪತ್ತು ನಿಮಿಷಗಳಲ್ಲೇ ಇವು ಮನೆಬಾಗಿಲಿಗೆ ಬರುತ್ತಿವೆ.

ನನ್ನ ಹತ್ತಿರದ ಬಂಧುವೊಬ್ಬರು ಬಂಟ್ವಾಳ ತಾಲೂಕಿನ ಹಳ್ಳಿಯೊಂದರಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿದ್ದಾರೆ. ಇಪ್ಪತ್ತೈದು ವರ್ಷಗಳಿಂದ ಅವರು ಬಂದರಿನ ಒಬ್ಬ ಕೊಂಕಣಿ ಸಾಹುಕಾರರಿಂದ ಮಾಲು ತರುತ್ತಿದ್ದರು. 2020ರ ಲಾಕ್‌ಡೌನ್ ದಿನಗಳಲ್ಲಿ ಆ ಸಾಹುಕಾರರು ಹಳೆಯ ಬಾಕಿಯ ಮಾತನ್ನೇ ಎತ್ತದೆ ಅಕ್ಕಿ, ಎಣ್ಣೆ ಕಳುಹಿಸಿದ್ದರು. ಆಮೇಲೆ ಒಂದು ದಿನ ಕಂಪೆನಿಯ ಯುವಕನೊಬ್ಬ ಅಂಗಡಿಗೆ ಬಂದು ಬಂಧುವಿನ ಮೊಬೈಲಿಗೆ ಆ್ಯಪ್ ಹಾಕಿಕೊಟ್ಟ. ಬೆಲೆ ಕಡಿಮೆ, ಮಾಲು ಅಂಗಡಿಯ ಮುಂದೆಯೇ ಇಳಿಯುತ್ತದೆ, ಬಂದರಿಗೆ ಹೋಗುವ ಟೆಂಪೋ ಬಾಡಿಗೆಯೂ ಉಳಿಯುತ್ತದೆ. ಅವರು ಅತ್ತ ವಾಲಿದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಂದರಿನ ಹಳೆಯ ಬಾಕಿ ಹಾಗೆಯೇ ಉಳಿಯಿತು.

ಕೆಲವು ತಿಂಗಳ ನಂತರ ಆ್ಯಪ್‌ನಲ್ಲೂ ಸಾಲದ ಸೌಲಭ್ಯ ಬಂತು. ಮಾಲು ಈಗ, ಹಣ ಹದಿನೈದು ದಿನ ಬಿಟ್ಟು. ಅದರ ಷರತ್ತುಗಳನ್ನು ಅವರು ಓದಲಿಲ್ಲ, ಓದಿದರೂ ಅರ್ಥವಾಗುವ ಭಾಷೆಯಲ್ಲಿ ಅದು ಇರಲಿಲ್ಲ. ಸಾಲ ಕೊಟ್ಟದ್ದು ಹಿಂದಿನಿಂದ ಒಂದು ಹಣಕಾಸು ಸಂಸ್ಥೆ, ತಡವಾದರೆ ದಿನಕ್ಕಿಷ್ಟೆಂದು ಬಡ್ಡಿ ಮತ್ತು ದಂಡ. ಆಸ್ಪತ್ರೆಯ ಖರ್ಚೊಂದು ಬಂದು ಎರಡು ಕಂತು ತಪ್ಪಿದಾಗ ಖಾತೆ ಸ್ಥಗಿತಗೊಂಡಿತು. ರಂಝಾನ್‌ಗೆ ಎರಡೇ ವಾರಗಳಿದ್ದವು. ಅವರು ಫೋನ್ ಮಾಡಿದಾಗ ಉತ್ತರಿಸಿದ್ದು ಯಂತ್ರದ ಧ್ವನಿ. ತನ್ನ ಕಷ್ಟವನ್ನು ಯಾರಲ್ಲಿ ಹೇಳಬೇಕೆಂದು ಅವರಿಗೆ ತಿಳಿಯಲಿಲ್ಲ.

ಕೊನೆಗೆ ಅವರು ತಲೆ ತಗ್ಗಿಸಿಕೊಂಡು ಬಂದರಿಗೆ ಹೋದರು. ಜೊತೆಯಲ್ಲಿ ನಾನೂ ಇದ್ದೆ. ಸಾಹುಕಾರರು ಕುಳಿತುಕೊಳ್ಳಲು ಹೇಳಿ, "ಬ್ಯಾರಿಗಳೇ, ಲೆಕ್ಕ ಆಮೇಲೆ ನೋಡುವ. ಮೊದಲು ಉಪವಾಸದ ತಿಂಗಳಿಗೆ ಸಾಮಾನು ಕೊಂಡುಹೋಗಿ" ಎಂದರು. ಹೊರಡುವಾಗ ಮಾತ್ರ ಪುಸ್ತಕ ತೆರೆದು ತೋರಿಸಿದರು. "ಇದರಲ್ಲಿರುವ ಅರ್ಧ ಜನ ಈಗ ಈ ಕಡೆ ಬರುವುದಿಲ್ಲ. ಬರದಿದ್ದರೆ ಅಡ್ಡಿ ಇಲ್ಲ, ಬಾಕಿಯನ್ನೂ ಕೊಟ್ಟಿಲ್ಲ. ಮಗನಿಗೆ ಈ ವ್ಯಾಪಾರ ಬೇಡವಂತೆ. ನಾನು ಇರುವಷ್ಟು ದಿನ." ಅದು ದೂರಾಗಿರಲಿಲ್ಲ. ಆದರೆ ಅದಕ್ಕೆ ಕೊಡಲು ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ.

ಈ ಘಟನೆಯನ್ನು ಹೇಳಿ, ಹಳೆಯ ಪೇಟೆ ಒಳ್ಳೆಯದು, ಹೊಸ ವ್ಯಾಪಾರ ಕೆಟ್ಟದು ಎಂದು ತೀರ್ಪು ಕೊಡುವುದು ಸುಲಭ. ಇಸ್ಲಾಮಿನ ವ್ಯಾಪಾರ ನೀತಿ ಅಷ್ಟು ಸುಲಭದ ತೀರ್ಪನ್ನು ನಮಗೆ ಕೊಡುವುದಿಲ್ಲ. ಹಳ್ಳಿಯಿಂದ ಸರಕು ತಂದವನ ಪರವಾಗಿ ಪಟ್ಟಣದವನು ದಲ್ಲಾಳಿಯಾಗಿ ಕುಳಿತು ಮಾರುವುದನ್ನು ಪ್ರವಾದಿ ಮುಹಮ್ಮದ್(ಸ) ತಡೆದಿದ್ದರು. ಜನರನ್ನು ಅವರಷ್ಟಕ್ಕೆ ಬಿಡಿ, ಅಲ್ಲಾಹನು ಒಬ್ಬರಿಂದ ಇನ್ನೊಬ್ಬರಿಗೆ ಅನ್ನ ಒದಗಿಸುತ್ತಾನೆ ಎಂಬುದು ಆ ಬೋಧನೆಯ ಸಾರ. ಅಂದರೆ ಮಧ್ಯವರ್ತಿಯ ಲಾಭಕ್ಕೆ ಧರ್ಮದ ರಕ್ಷಾಕವಚವಿಲ್ಲ. ಉತ್ಪಾದಕನಿಗೂ ಗ್ರಾಹಕನಿಗೂ ನೇರ ಸಂಪರ್ಕ ಕಲ್ಪಿಸಿ ಇಬ್ಬರಿಗೂ ಪ್ರಯೋಜನ ಮಾಡುವ ವ್ಯವಸ್ಥೆ ಬಂದರೆ ಅದನ್ನು ದೂಷಿಸಲು ನಮಗೆ ಆಧಾರವಿಲ್ಲ.

ಹಳೆಯ ಪೇಟೆ ಪಾಪಮುಕ್ತವೂ ಆಗಿರಲಿಲ್ಲ. ಪ್ರವಾದಿ(ಸ)ಯವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ತೇವ ಸಿಕ್ಕಿದ ಘಟನೆಯನ್ನು ನಾವೆಲ್ಲ ಕೇಳಿದ್ದೇವೆ. ಒದ್ದೆ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲಿರಿಸಬೇಕಿತ್ತು ಎಂದು ಅವರು ಆ ವ್ಯಾಪಾರಿಯನ್ನು ತಿದ್ದಿದರು. ಮೇಲೆ ಒಳ್ಳೆಯ ಅಕ್ಕಿ, ಒಳಗೆ ನುಚ್ಚು. ತೂಕದಲ್ಲಿ ಗೋಣಿಯ ಭಾರವನ್ನೂ ಸೇರಿಸುವುದು. ಬೆಲೆ ಏರಲೆಂದು ಮಾಲು ಬಚ್ಚಿಡುವುದು. ಬಿಲ್ ಇಲ್ಲದ ವ್ಯವಹಾರ. ಇವೆಲ್ಲ ನಮ್ಮ ಪೇಟೆಗಳಲ್ಲಿ ನಡೆದಿವೆ, ನಮ್ಮವರಿಂದಲೂ ನಡೆದಿವೆ. ಕುರ್‌ಆನಿನ 83ನೇ ಅಧ್ಯಾಯ ಅಲ್ ಮುತಫ್ಫಿಫೀನ್ ಆರಂಭವಾಗುವುದೇ ಅಳತೆ ತೂಕದಲ್ಲಿ ಕಡಿತ ಮಾಡುವವರನ್ನು ಎಚ್ಚರಿಸಿ. ಗ್ರಾಹಕ ಮೊಬೈಲಿನತ್ತ ಹೋದುದಕ್ಕೆ ನಮ್ಮ ತಕ್ಕಡಿಯೂ ಒಂದು ಕಾರಣ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ನಮ್ಮಲ್ಲಿರಬೇಕು.

ತಂತ್ರಜ್ಞಾನವೂ ಸ್ವತಃ ಶತ್ರುವಲ್ಲ. ವ್ಯಾಪಾರಿ ತಂಡಗಳು ಪೇಟೆ ತಲುಪುವ ಮೊದಲೇ ದಾರಿಯಲ್ಲಿ ಎದುರುಗೊಂಡು ಅವರ ಸರಕನ್ನು ಕೊಳ್ಳುವುದನ್ನು ಪ್ರವಾದಿ(ಸ) ನಿಷೇಧಿಸಿದ್ದರು. ಪೇಟೆಯ ಬೆಲೆ ತಿಳಿಯದ ಮಾರಾಟಗಾರನ ಅಜ್ಞಾನವನ್ನು ಲಾಭವಾಗಿಸಿಕೊಳ್ಳುವುದು ಅನ್ಯಾಯ ಎಂಬುದೇ ಅದರ ಆಶಯ. ಹಾಗೆ ಮಾರಿದವನು ಪೇಟೆಗೆ ಬಂದ ಮೇಲೆ ವ್ಯಾಪಾರವನ್ನು ರದ್ದುಗೊಳಿಸುವ ಹಕ್ಕನ್ನೂ ಪಡೆದಿದ್ದ. ಕರ್ನಾಟಕದ ಕೃಷಿ ಮಾರುಕಟ್ಟೆಗಳಲ್ಲಿ 2014ರಿಂದ ಆರಂಭವಾದ ಏಕೀಕೃತ ಆನ್‌ಲೈನ್ ಟೆಂಡರ್ ವ್ಯವಸ್ಥೆ ಮತ್ತು 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಇ-ನಾಮ್, ಈ ಆಶಯಕ್ಕೆ ಹತ್ತಿರವಾದವು. ವರ್ತಕರು ಒಬ್ಬರಿಗೊಬ್ಬರು ಸನ್ನೆ ಮಾಡಿಕೊಂಡು ಬೆಲೆ ಕಟ್ಟುವ ಬದಲು ಗಣಕಯಂತ್ರದಲ್ಲಿ ಪ್ರತ್ಯೇಕವಾಗಿ ಬೆಲೆ ನಮೂದಿಸಬೇಕು. ರೈತನಿಗೆ ತನ್ನ ಮಾಲಿನ ಬೆಲೆ ತಿಳಿಯುತ್ತದೆ.

ಆದರೆ ಖಾಸಗಿ ವೇದಿಕೆಗಳಲ್ಲಿ ಇದು ತಿರುವುಮುರುವಾಗುವ ಅಪಾಯವಿದೆ. ಯಾವ ಊರಿನಲ್ಲಿ ಯಾವ ಮಾಲು ಎಷ್ಟು ಖರ್ಚಾಗುತ್ತದೆ, ಯಾವ ಮಾರಾಟಗಾರನಿಗೆ ಎಷ್ಟು ಲಾಭ ಸಿಗುತ್ತದೆ, ಯಾವ ಗ್ರಾಹಕ ಎಷ್ಟು ಬೆಲೆಗೆ ಒಪ್ಪುತ್ತಾನೆ ಎಂಬುದೆಲ್ಲ ವೇದಿಕೆಯ ಒಡೆಯನಿಗೆ ಗೊತ್ತು. ಮಾರುವವನಿಗೂ ಕೊಳ್ಳುವವನಿಗೂ ತಮ್ಮ ಪರದೆಯಲ್ಲಿ ಕಾಣುವಷ್ಟೇ ಗೊತ್ತು. ಸರಕಿನೊಂದಿಗೆ ಬರುವವನನ್ನು ದಾರಿಯಲ್ಲೇ ಎದುರುಗೊಳ್ಳುವವನು ಇಂದು ಒಂಟೆಯ ಮೇಲೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಕಡಿಮೆ ಬೆಲೆಯ ಪ್ರಶ್ನೆ. ಅಗ್ಗವಾಗಿ ಮಾರುವುದು ಹೇಗೆ ತಪ್ಪಾದೀತು ಎಂದು ಹಲವರು ಕೇಳುತ್ತಾರೆ. ಮದೀನಾದ ಪೇಟೆಯಲ್ಲಿ ಹಾತಿಬ್ ಬಿನ್ ಅಬೀ ಬಲ್ತಅ(ರ) ಎಂಬ ಸಹಾಬಿ ಒಣದ್ರಾಕ್ಷಿಯನ್ನು ಇತರರಿಗಿಂತ ಅಗ್ಗವಾಗಿ ಮಾರುತ್ತಿದ್ದುದನ್ನು ಖಲೀಫಾ ಉಮರ್(ರ) ಕಂಡು, ಒಂದೋ ಬೆಲೆ ಏರಿಸಬೇಕು, ಇಲ್ಲವೇ ಪೇಟೆಯಿಂದ ಹೊರಡಬೇಕು ಎಂದದ್ದು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ವರದಿಯಾಗಿದೆ. ಇಮಾಮ್ ಶಾಫಿಈಯವರ ಮೂಲಕ ಬಂದಿರುವ ವರದಿ ಇನ್ನೂ ಮುಂದಕ್ಕೆ ಹೋಗುತ್ತದೆ. ಉಮರ್(ರ) ಆಮೇಲೆ ಆತ್ಮವಿಮರ್ಶೆ ಮಾಡಿ, ಹಾತಿಬ್‌ರ ಮನೆಗೇ ಹೋಗಿ, ತಾನು ಹೇಳಿದ್ದು ಆಜ್ಞೆಯಲ್ಲ, ಊರವರ ಹಿತಕ್ಕಾಗಿ ಬಯಸಿದ್ದು ಮಾತ್ರ, ನಿಮಗಿಷ್ಟವಾದಂತೆ ಮಾರಿ ಎಂದರಂತೆ. ಪ್ರವಾದಿ(ಸ)ಯವರ ಕಾಲದಲ್ಲಿ ಬೆಲೆಯೇರಿದಾಗ ಜನರು ದರ ನಿಗದಿಗೆ ಒತ್ತಾಯಿಸಿದರೂ ಅವರು ಒಪ್ಪಿರಲಿಲ್ಲ. ಈ ಕಾರಣದಿಂದ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಒಂದು ಮಾತು ಸ್ಪಷ್ಟ. ಒಬ್ಬನ ಅಗ್ಗದ ಬೆಲೆಯಿಂದ ಇಡೀ ಪೇಟೆಗೆ ಏನಾಗುತ್ತದೆ ಎಂಬುದು ಆಡಳಿತಗಾರನು ಯೋಚಿಸಬೇಕಾದ ವಿಷಯ ಎಂದು ಉಮರ್(ರ) ಭಾವಿಸಿದ್ದರು.

ಹಾತಿಬ್(ರ) ಮಾರಿದ್ದು ಅವರದೇ ದ್ರಾಕ್ಷಿಯನ್ನು. ಇಂದಿನ ಬೃಹತ್ ಕಂಪೆನಿಗಳು ವರ್ಷಾನುಗಟ್ಟಲೆ ನಷ್ಟವನ್ನು ಹೂಡಿಕೆದಾರರ ಹಣದಿಂದ ತುಂಬಿಕೊಂಡು ಮಾರಬಲ್ಲವು. ಎದುರಾಳಿ ಅಂಗಡಿ ಮುಚ್ಚಿದ ಮೇಲೆ ಅದೇ ಬೆಲೆ ಇರುತ್ತದೆಂಬ ಖಾತರಿಯನ್ನು ಯಾರೂ ಕೊಟ್ಟಿಲ್ಲ. ಕಾನೂನು ಇದನ್ನು ಗಮನಿಸಿಲ್ಲವೆಂದಲ್ಲ. ವಿದೇಶಿ ಬಂಡವಾಳವಿರುವ ಆನ್‌ಲೈನ್ ಮಾರುಕಟ್ಟೆಗಳು ತಾವೇ ದಾಸ್ತಾನು ಇಟ್ಟು ಗ್ರಾಹಕರಿಗೆ ಮಾರುವಂತಿಲ್ಲ, ಬೆಲೆಯ ಮೇಲೆ ಪ್ರಭಾವ ಬೀರುವಂತಿಲ್ಲ ಎಂಬ ನಿಯಮವಿದೆ. 2019ರ ಫೆಬ್ರವರಿಯಿಂದ ಅದು ಇನ್ನಷ್ಟು ಬಿಗಿಯಾಯಿತು. 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅಮೆಝಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಅದನ್ನು ಪ್ರಶ್ನಿಸಿ ಕಂಪೆನಿಗಳು ಸಲ್ಲಿಸಿದ ಅರ್ಜಿಗಳನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾಗೊಳಿಸಿತು. 2022ರ ಆರಂಭದಲ್ಲಿ ಮಹಾರಾಷ್ಟ್ರದ ವಿತರಕರು, ತಮಗೆ ಒಂದು ಬೆಲೆ, ಆನ್‌ಲೈನ್ ಸಗಟು ಕಂಪೆನಿಗಳಿಗೆ ಅದಕ್ಕಿಂತ ಕಡಿಮೆ ಬೆಲೆ ಏಕೆ ಎಂದು ಕೇಳಿ ದೊಡ್ಡ ಕಂಪೆನಿಗಳ ಕೆಲವು ಸರಕುಗಳ ಪೂರೈಕೆಯನ್ನೇ ನಿಲ್ಲಿಸಿದ್ದರು. ಸ್ಪರ್ಧೆ ಬೇಡವೆಂದು ಅವರು ಹೇಳಲಿಲ್ಲ. ಸಮಾನ ತಕ್ಕಡಿ ಕೇಳಿದರು.

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಗಂಭೀರವಾದುದು ಸಾಲದ ಸ್ವರೂಪ ಬದಲಾಗುತ್ತಿರುವುದು. ಉದ್ದರಿಗೆ ಮಾರುವಾಗ ನಗದಿಗಿಂತ ಸ್ವಲ್ಪ ಹೆಚ್ಚಿನ ಬೆಲೆಯನ್ನು ವ್ಯವಹಾರದ ಸಮಯದಲ್ಲೇ ನಿಶ್ಚಯಿಸುವುದನ್ನು ಬಹುಪಾಲು ವಿದ್ವಾಂಸರು ಅನುಮತಿಸಿದ್ದಾರೆ. ಆದರೆ ತಡವಾಯಿತೆಂದು ಬಾಕಿಯ ಮೇಲೆ ಮೊತ್ತ ಬೆಳೆಸುತ್ತಾ ಹೋಗುವುದು ಬಡ್ಡಿ, ಅದು ಹರಾಮ್. ಸಾಲಗಾರನು ಸಂಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಯಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂದು ಅಲ್ ಬಕರ ಅಧ್ಯಾಯದ 280ನೇ ಸೂಕ್ತ ಕಲಿಸುತ್ತದೆ. ಬಂದರಿನ ಆ ಸಾಹುಕಾರರು ಈ ಸೂಕ್ತವನ್ನು ಓದಿದವರಲ್ಲ. ಆದರೂ ಅದರಂತೆ ನಡೆದುಕೊಂಡರು. ಮೊಬೈಲಿನ ಸಾಲಕ್ಕೆ ಹಾಗೆ ನಡೆದುಕೊಳ್ಳಲು ಬಾರದು. ಅದಕ್ಕೆ ಆಸ್ಪತ್ರೆಯ ಚೀಟಿ ತೋರಿಸಲಾಗದು. ಸಗಟು ಪೇಟೆಯ ಪುಸ್ತಕಗಳು ಮುಚ್ಚಿದಷ್ಟೂ ನಮ್ಮ ಸಣ್ಣ ಅಂಗಡಿಯವರು, ಅರಿತೋ ಅರಿಯದೆಯೋ, ಬಡ್ಡಿಯ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ.

ಇನ್ನೊಂದು ಮಾತನ್ನೂ ಹೇಳಬೇಕು. ಬಂದರಿನ ವ್ಯಾಪಾರದಲ್ಲಿ ಬ್ಯಾರಿ, ಕೊಂಕಣಿ, ಬಂಟ, ಬಿಲ್ಲವ, ಕ್ರೈಸ್ತ ಎಂಬ ಭೇದವಿಲ್ಲದೆ ಒಬ್ಬರ ಹೆಸರು ಇನ್ನೊಬ್ಬರ ಪುಸ್ತಕದಲ್ಲಿರುತ್ತದೆ. 2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಟ್ಟ ದಿನಗಳಲ್ಲಿ, ಮೊಬೈಲಿನಲ್ಲಿ ಮಾರುವವನ ಧರ್ಮ ಯಾರಿಗೂ ಕಾಣುವುದಿಲ್ಲ, ಅದೇ ಲೇಸು ಎಂದು ಹೇಳಿದ ಯುವಕರಿದ್ದಾರೆ. ಅವರ ನೋವು ನಿಜ. ಮನೆಯಿಂದಲೇ ಬುರ್ಖಾ, ಅತ್ತರ್, ತಿಂಡಿ ಮಾರಿ ಸ್ವಾವಲಂಬಿಗಳಾದ ನಮ್ಮ ಸಹೋದರಿಯರಿಗೆ ಆನ್‌ಲೈನ್ ವ್ಯಾಪಾರ ತೆರೆದ ಬಾಗಿಲೂ ನಿಜ. ಆದರೆ ಮುಖ ಕಾಣದ ವ್ಯಾಪಾರದಲ್ಲಿ ದ್ವೇಷ ಮರೆಯಾಗುವಂತೆ ಪರಿಚಯವೂ ಮರೆಯಾಗುತ್ತದೆ. ಕಷ್ಟದ ದಿನ ನಮ್ಮ ಪರವಾಗಿ ಒಂದು ಮಾತಾಡುವವನು ನಮ್ಮೊಂದಿಗೆ ಇಪ್ಪತ್ತೈದು ವರ್ಷ ಲೆಕ್ಕ ಬರೆದವನೇ ಆಗಿರುತ್ತಾನೆ.

ಈಗ ನನ್ನ ಮನೆಯ ಮಾತು. ಬಂದರಿನಿಂದ ಮರಳಿದ ಮೇಲೆ ಬಂಧುವಿನಲ್ಲಿ, ಸಾಹುಕಾರರ ಬಾಕಿಯನ್ನು ಮೊದಲು ತೀರಿಸಬಾರದಿತ್ತೇ ಎಂದು ಕೇಳಿದೆ. ಅವರು ಏನೂ ಹೇಳದೆ ತನ್ನ ಅಂಗಡಿಯ ಪುಸ್ತಕವನ್ನು ಮುಂದಿಟ್ಟರು. ಊರಿನ ಅನೇಕ ಮನೆಗಳ ಹೆಸರು ಅದರಲ್ಲಿತ್ತು. ನನ್ನ ಮನೆಯ ಹೆಸರೂ ಇತ್ತು. ಅಕ್ಕಿ, ಎಣ್ಣೆ, ಸಕ್ಕರೆ, ನಾಲ್ಕು ತಿಂಗಳ ಲೆಕ್ಕ. ಅದೇ ನಾಲ್ಕು ತಿಂಗಳಲ್ಲಿ ನನ್ನ ಮನೆಗೆ ಮಿಕ್ಸಿ, ಮಕ್ಕಳ ಬೂಟು, ಪರದೆಯ ಬಟ್ಟೆ ಮೊಬೈಲಿನ ಮೂಲಕ ಬಂದಿದ್ದವು. ಅವುಗಳಿಗೆ ಮುಂಗಡವಾಗಿಯೇ ಪೂರ್ತಿ ಹಣ ಕೊಟ್ಟಿದ್ದೆ. ಮುಖ ಕಾಣದ ಕಂಪೆನಿಗೆ ನಗದು, ಮುಖ ಕಾಣುವ ಬಂಧುವಿಗೆ ಸಾಲ. ಕೊಡಲು ಶಕ್ತಿಯಿದ್ದವನು ಸಾಲ ತೀರಿಸಲು ತಡ ಮಾಡುವುದು ಅನ್ಯಾಯವೆಂದು ಪ್ರವಾದಿ(ಸ) ಎಚ್ಚರಿಸಿದ್ದನ್ನು ನಾನು ಇತರರಿಗೆ ಎಷ್ಟೋ ಬಾರಿ ಹೇಳಿದ್ದೇನೆ. ಆ ಪುಸ್ತಕದ ಮುಂದೆ ಕುಳಿತಾಗ ಅದು ನನಗೇ ಹೇಳಿದಂತಾಯಿತು.

ಸರಪಳಿಯ ಕೊನೆಯ ಕೊಂಡಿ ನಮ್ಮ ಅಡುಗೆಮನೆಯಲ್ಲಿದೆ. ನಾವು ಕೊಡದಿದ್ದರೆ ಅಂಗಡಿಯವನು ಕೊಡಲಾರ, ಅವನು ಕೊಡದಿದ್ದರೆ ಬಂದರಿನ ಸಾಹುಕಾರ ಹೊಸ ಮಾಲು ತರಿಸಲಾರ. ಕೊನೆಗೆ ಬಾಗಿಲು ಮುಚ್ಚಿದಾಗ ನಾವೆಲ್ಲ ಆನ್‌ಲೈನ್ ಕಂಪೆನಿಯ ಕಡೆಗೆ ಬೆರಳು ತೋರಿಸುತ್ತೇವೆ.

ಆದ್ದರಿಂದ ಮೊದಲ ಸುಧಾರಣೆ ಮನೆಯಿಂದಲೇ ಆಗಲಿ. ಹತ್ತಿರದ ಅಂಗಡಿಯ ಬಾಕಿಯನ್ನು ತೀರಿಸಿದ ನಂತರವೇ ಮೊಬೈಲಿನಲ್ಲಿ ಕೊಳ್ಳುವ ಪದ್ಧತಿಯನ್ನು ಪ್ರತಿ ಕುಟುಂಬವೂ ಇಟ್ಟುಕೊಳ್ಳಬಹುದು. ಕೊಳ್ಳುವ ಉದ್ದೇಶವಿಲ್ಲದೆ ಅಂಗಡಿಯಲ್ಲಿ ಹತ್ತು ಬಟ್ಟೆ ಬಿಡಿಸಿ ನೋಡಿ, ಮೊಬೈಲಿನಲ್ಲಿ ತರಿಸುವುದನ್ನು ಬಿಡೋಣ. ಹಬ್ಬಕ್ಕೆ ಉಟ್ಟ ಬಟ್ಟೆಯನ್ನು 'ಅಳತೆ ಸರಿಯಿಲ್ಲ' ಎಂದು ಹಿಂದಿರುಗಿಸುವುದು ಸುಳ್ಳು. ಆ ಪರದೆಯ ಹಿಂದೆಯೂ ಒಬ್ಬ ಸಣ್ಣ ಮಾರಾಟಗಾರನಿರಬಹುದು, ಅದರ ಹೊರೆ ಅವನ ಮೇಲೆ ಬೀಳಬಹುದು.

ವ್ಯಾಪಾರಿಗಳೂ ಬದಲಾಗಬೇಕಿದೆ. ತೂಕ, ಬಿಲ್, ಗುಣಮಟ್ಟಗಳಲ್ಲಿ ಸಂಶಯಕ್ಕೆ ಎಡೆಯಿರಬಾರದು. ಸಾಲವನ್ನು ಬರೆದಿಡಬೇಕೆಂಬ ಆದೇಶ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತದಲ್ಲಿದೆ. ಚೀಟಿಯಲ್ಲೋ ಮೊಬೈಲಿನಲ್ಲೋ, ಇಬ್ಬರಿಗೂ ಕಾಣುವಂತೆ ಲೆಕ್ಕವಿರಲಿ. ಹತ್ತು ಸಣ್ಣ ಅಂಗಡಿಯವರು ಸೇರಿ ಒಟ್ಟಿಗೆ ಖರೀದಿಸಿ ಒಂದೇ ಟೆಂಪೋದಲ್ಲಿ ತಂದರೆ ಬೆಲೆಯೂ ಬಾಡಿಗೆಯೂ ತಗ್ಗುತ್ತದೆ. ಫೋನಿನಲ್ಲಿ ಬೇಡಿಕೆ ಪಡೆದು ಮನೆಗೆ ತಲುಪಿಸುವುದು ಬೃಹತ್ ಕಂಪೆನಿಗಳ ಸೊತ್ತೇನಲ್ಲ. ಸರಕಾರದ ಬೆಂಬಲದಿಂದ ರೂಪುಗೊಂಡ ಓಎನ್‌ಡಿಸಿಯಂತಹ ಮುಕ್ತ ಜಾಲಗಳೂ ಇವೆ. ಅಂಗಡಿಯಲ್ಲಿ ಕೂರಲೊಪ್ಪದ ವಿದ್ಯಾವಂತ ಮಗನಿಗೆ ಈ ಕೆಲಸವನ್ನು ಒಪ್ಪಿಸಿ ನೋಡಬಾರದೇಕೆ?

ಜಮಾಅತ್‌ಗಳ ಹೊಣೆಯೂ ಇದೆ. ಮಸೀದಿಯ ಬಣ್ಣಕ್ಕೆ, ದೀಪಾಲಂಕಾರಕ್ಕೆ ಹಣ ಸಂಗ್ರಹಿಸುವ ನಾವು, ಮೊಹಲ್ಲಾದ ಅಂಗಡಿಯವರಿಗಾಗಿ ಒಂದು ಬಡ್ಡಿರಹಿತ ಸಾಲ ನಿಧಿ ಸ್ಥಾಪಿಸಲಾರೆವೇ? ಒಂದು ಲೋಡ್ ಮಾಲಿಗೆ ಬೇಕಾಗುವಷ್ಟು ಹಣ ಮೂರು ತಿಂಗಳಿಗೆ ಸಿಕ್ಕರೆ ಒಬ್ಬನು ಬಡ್ಡಿಯಿಂದ ಪಾರಾಗುತ್ತಾನೆ. ಆ ಹಣ ಮರಳಿದಾಗ ಇನ್ನೊಬ್ಬನೂ ಪಾರಾಗುತ್ತಾನೆ.

ಮಕ್ಕಾದಿಂದ ಬರಿಗೈಯಲ್ಲಿ ಮದೀನಾಕ್ಕೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅವರ ಅನ್ಸಾರಿ ಸಹೋದರ ತನ್ನ ಸಂಪತ್ತಿನ ಅರ್ಧ ಭಾಗವನ್ನು ಕೊಡಲು ಮುಂದಾದರು. ಅವರು ಅದನ್ನು ಸ್ವೀಕರಿಸದೆ ಪೇಟೆಯ ದಾರಿ ಕೇಳಿದರು. ಬರಿಗೈಯವನಿಗೂ ಆ ಪೇಟೆಯಲ್ಲಿ ಜಾಗವಿತ್ತು. ನಮ್ಮ ಮಕ್ಕಳು ನಾಳೆ ಪೇಟೆಯ ದಾರಿ ಕೇಳಿದರೆ ತೋರಿಸಲು ಒಂದು ಪೇಟೆ ಉಳಿದಿರಬೇಕು. ಅದು ಬೀದಿಯಲ್ಲಿರಲಿ, ಮೊಬೈಲಿನಲ್ಲಿರಲಿ, ಬಂಡವಾಳವಿಲ್ಲದವನನ್ನು ನಂಬಿ ಮಾಲು ಕೊಡುವ ಒಬ್ಬರಾದರೂ ಅಲ್ಲಿರಬೇಕು.

ನಾನು ಅಂದೇ ನನ್ನ ಬಾಕಿ ತೀರಿಸಿದೆ. ಬಂಧು ಅದನ್ನು ಎಣಿಸಿ, ಬೇರೆ ಎರಡು ಮನೆಗಳಿಂದ ಬಂದ ಹಣವನ್ನೂ ಸೇರಿಸಿ, ಮರುದಿನ ಬಂದರಿನ ಬಸ್ಸು ಹತ್ತಿದರು. ನಿಮ್ಮ ಊರಿನ ಅಂಗಡಿಯ ಪುಸ್ತಕದಲ್ಲಿ ನಿಮ್ಮ ಹೆಸರಿದೆಯೇ? ಇಂದೇ ಹೋಗಿ ನೋಡಿ. ಹಕ್ಕುದಾರರ ಹಕ್ಕನ್ನು ಸಕಾಲದಲ್ಲಿ ಕೊಡುವವರ ಸಾಲಿನಲ್ಲಿ ಅಲ್ಲಾಹನು ನಮ್ಮೆಲ್ಲರನ್ನು ಸೇರಿಸಲಿ.